ಓದುಗರ ಪ್ರಶ್ನೆ: ಗೆರೆ ಎಳೆದು ಮುಂದೂಡಿದ ಯುದ್ಧ

ಕಳೆದ ಸಂಚಿಕೆಯಲ್ಲಿ ಲಿಂಕನ್ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಅಮೆರಿಕದ ಅಂತರ್ಯುದ್ಧ 1861ರಲ್ಲಿ ಆರಂಭವಾದರೂ ಗುಲಾಮಗಿರಿಯ ವಿಷಯದಲ್ಲಿ ರಾಜಿಯ ಮಾತುಕತೆ ಅದಕ್ಕೂ 74 ವರ್ಷ ಮೊದಲೇ ಶುರುವಾಗಿತ್ತು ಎಂದು ಒಂದು ವಾಕ್ಯ ಬರೆದು ಮುಂದೆ ಹೋಗಿದ್ದೆ. ಆ ಒಂದು ವಾಕ್ಯವನ್ನೇ ಹಿಡಿದು ಅನೇಕರು ಪತ್ರ ಬರೆದಿದ್ದಾರೆ. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದ್ದೇನೆ. ‘ಮಿಸೌರಿ ಒಪ್ಪಂದ, 1820’ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆಯೇ ಹೊರತು, ಅದರಲ್ಲಿ ಯಾರು ಯಾರಿಗೆ ಏನನ್ನು ಬಿಟ್ಟುಕೊಟ್ಟರು ಎಂಬುದು ನನಗೇ ಸ್ಪಷ್ಟವಿಲ್ಲ. ದಯವಿಟ್ಟು ಬಿಡಿಸಿ ಹೇಳಿ.
— ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, 1820ಕ್ಕೆ ಹೋಗುವ ಮೊದಲು 1787ರ ಫಿಲಡೆಲ್ಫಿಯಾಕ್ಕೆ ಹೋಗಬೇಕಾಗುತ್ತದೆ, ಏಕೆಂದರೆ ಜಗಳದ ಬೀಜ ಬಿದ್ದದ್ದು ಅಲ್ಲಿ. ಸಂವಿಧಾನ ಬರೆಯಲು ಸೇರಿದ್ದ ಪ್ರತಿನಿಧಿಗಳ ಮುಂದೆ ಒಂದು ಲೆಕ್ಕದ ಪ್ರಶ್ನೆ ಬಂತು. ಪ್ರತಿನಿಧಿ ಸಭೆಯಲ್ಲಿ ಪ್ರತಿ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದು ಜನಸಂಖ್ಯೆಯ ಮೇಲೆ ನಿಲ್ಲುವುದಾದರೆ, ಗುಲಾಮರು ಜನಸಂಖ್ಯೆಯಲ್ಲಿ ಸೇರುತ್ತಾರೆಯೇ ಇಲ್ಲವೇ? ದನಕರುಗಳಂತೆ ಮಾರಾಟಕ್ಕಿಟ್ಟವರನ್ನು ಸ್ಥಾನ ಹಂಚುವಾಗ ಮಾತ್ರ ಮನುಷ್ಯರೆಂದು ಎಣಿಸಬೇಕೆಂದು ದಕ್ಷಿಣದವರು ಪಟ್ಟು ಹಿಡಿದರು. ಕೊನೆಗೆ ಐವರು ಗುಲಾಮರನ್ನು ಮೂವರೆಂದು ಎಣಿಸುವುದು ಎಂಬಲ್ಲಿಗೆ ಮಾತು ನಿಂತಿತು. ಇದರ ಜೊತೆಗೆ, 1808ರ ತನಕ ಗುಲಾಮರ ಆಮದನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ನಿಷೇಧಿಸಕೂಡದು ಎಂದೂ, ಒಂದು ರಾಜ್ಯದಿಂದ ಓಡಿಹೋದ ಗುಲಾಮರನ್ನು ಇನ್ನೊಂದು ರಾಜ್ಯ ಹಿಂದಿರುಗಿಸಬೇಕು ಎಂದೂ ಸೇರಿಸಿದರು. ಇಷ್ಟೆಲ್ಲ ಬರೆದರೂ ‘ಗುಲಾಮ’ ಎಂಬ ಪದ ಮಾತ್ರ ಆ ದಾಖಲೆಯಲ್ಲಿ ಎಲ್ಲಿಯೂ ಬಾರದಂತೆ ನೋಡಿಕೊಂಡರು. ‘ಇತರ ವ್ಯಕ್ತಿಗಳು’, ‘ಸೇವೆಗೆ ಬದ್ಧರಾದ ವ್ಯಕ್ತಿ’ ಎಂದೆಲ್ಲ ಸುತ್ತಿಬಳಸಿ ಬರೆದರು. ಹೆಸರು ಹೇಳಲು ನಾಚಿಕೆಪಟ್ಟ ವಸ್ತುವನ್ನು ಕಾನೂನಿನಿಂದ ಕಾಪಾಡಲು ಅವರಿಗೆ ನಾಚಿಕೆಯಾಗಲಿಲ್ಲ.

ಆಗ ಅನೇಕರಿಗೆ, ಈ ಪದ್ಧತಿ ತಾನಾಗಿಯೇ ಸವೆದು ಹೋಗುತ್ತದೆ ಎಂಬ ನಂಬಿಕೆಯಿತ್ತು. ತಂಬಾಕಿನ ಬೆಲೆ ಇಳಿದಿತ್ತು, ಉತ್ತರದ ರಾಜ್ಯಗಳು ಒಂದೊಂದಾಗಿ ಗುಲಾಮಗಿರಿಯನ್ನು ಕೈಬಿಡತೊಡಗಿದ್ದವು, ಒಹಾಯೊ ನದಿಯ ಉತ್ತರದ ಪ್ರದೇಶದಲ್ಲಿ ಅದನ್ನು ಅದೇ 1787ರಲ್ಲಿ ನಿಷೇಧಿಸಲಾಗಿತ್ತು. ಆದರೆ 1793ರಲ್ಲಿ ಎಲಿ ವಿಟ್ನಿ ಎಂಬಾತ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ ಯಂತ್ರವನ್ನು ರೂಪಿಸಿದ ಮೇಲೆ ಲೆಕ್ಕವೆಲ್ಲ ತಲೆಕೆಳಗಾಯಿತು. ಬೀಜ ಬಿಡಿಸುವ ಕೆಲಸ ಸುಲಭವಾದಷ್ಟೂ ಹತ್ತಿ ಬೆಳೆಯುವ ಹೊಲ ಹಿಗ್ಗಿತು, ಹೊಲ ಹಿಗ್ಗಿದಷ್ಟೂ ಅದರಲ್ಲಿ ದುಡಿಯುವ ಗುಲಾಮರಿಗೆ ಬೇಡಿಕೆ ಏರಿತು. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 39 ಲಕ್ಷ 50 ಸಾವಿರ ದಾಟಿತ್ತು. 1808ರ ನಂತರ ಆಮದು ನಿಷಿದ್ಧವಾಗಿದ್ದರೂ ಸಂಖ್ಯೆ ಹೀಗೆ ಬೆಳೆಯಿತು ಎಂಬುದನ್ನು ಗಮನಿಸಬೇಕು. ವರ್ಜೀನಿಯಾದಂಥ ಹಳೆಯ ರಾಜ್ಯಗಳಲ್ಲಿ ಹುಟ್ಟಿದ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಮಿಸಿಸಿಪಿ, ಅಲಬಾಮಾದ ಹೊಸ ಹತ್ತಿ ಹೊಲಗಳಿಗೆ ಮಾರುವುದೇ ಒಂದು ದೊಡ್ಡ ವ್ಯಾಪಾರವಾಯಿತು.

ಈಗ ಮಿಸೌರಿ. 1819ರ ಆರಂಭದಲ್ಲಿ ಗುಲಾಮಗಿರಿ ಇರುವ ರಾಜ್ಯಗಳು 10, ಇಲ್ಲದವು 11. ಆ ವರ್ಷದ ಕೊನೆಯಲ್ಲಿ ಅಲಬಾಮಾ ಸೇರಿದಾಗ ಎರಡೂ ಕಡೆ ಹನ್ನೊಂದು ಹನ್ನೊಂದಾಗಲಿತ್ತು. ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೆ ಇಬ್ಬರು ಸದಸ್ಯರು ಇರುವುದರಿಂದ ಈ ಸಮತೋಲ ಎಂದರೆ ದಕ್ಷಿಣಕ್ಕೆ ಪ್ರಾಣ, ಏಕೆಂದರೆ ಉತ್ತರದ ಜನಸಂಖ್ಯೆ ಬೆಳೆಯುತ್ತ ಹೋಗಿ ಪ್ರತಿನಿಧಿ ಸಭೆಯಲ್ಲಿ ಅದಕ್ಕೇ ಬಹುಮತವಿತ್ತು. ಮಿಸೌರಿ ತನ್ನನ್ನು ರಾಜ್ಯವಾಗಿ ಸೇರಿಸಿಕೊಳ್ಳಬೇಕೆಂದು ಕೇಳಿದಾಗ, ನ್ಯೂಯಾರ್ಕಿನ ಜೇಮ್ಸ್ ಟಾಲ್ಮೆಜ್ ಒಂದು ತಿದ್ದುಪಡಿ ಮಂಡಿಸಿದರು. ಅಲ್ಲಿಗೆ ಇನ್ನು ಹೊಸದಾಗಿ ಗುಲಾಮರನ್ನು ಒಯ್ಯಬಾರದು, ರಾಜ್ಯವಾದ ಮೇಲೆ ಹುಟ್ಟುವ ಗುಲಾಮರ ಮಕ್ಕಳು 25ನೆಯ ವಯಸ್ಸಿಗೆ ಬಿಡುಗಡೆ ಹೊಂದಬೇಕು ಎಂಬುದಷ್ಟೇ ಅದರ ಸಾರ. ಇಂದು ಓದಿದರೆ ತೀರ ಸೌಮ್ಯವೆನಿಸುವ ಈ ಸೂಚನೆಗೆ ದಕ್ಷಿಣದ ಸದಸ್ಯರು ಒಕ್ಕೂಟವೇ ಒಡೆದೀತೆಂದು ಅಬ್ಬರಿಸಿದರು. ಪ್ರತಿನಿಧಿ ಸಭೆ ಒಪ್ಪಿದ್ದನ್ನು ಸೆನೆಟ್ ತಳ್ಳಿಹಾಕಿತು, ಒಂದು ವರ್ಷ ಕಗ್ಗಂಟಿನಲ್ಲೇ ಕಳೆಯಿತು.

ಕಗ್ಗಂಟು ಬಿಡಿಸಿದ ಒಪ್ಪಂದದಲ್ಲಿ ಮೂರು ಎಳೆಗಳಿದ್ದವು. ಮಿಸೌರಿ ಗುಲಾಮಗಿರಿಯೊಂದಿಗೇ ರಾಜ್ಯವಾಗಬಹುದು. ಅದಕ್ಕೆ ಸರಿದೂಗಿಸಲು, ಮ್ಯಾಸಚೂಸೆಟ್ಸ್‌ನ ಭಾಗವಾಗಿದ್ದ ಮೇನ್ ಪ್ರದೇಶವನ್ನು ಬೇರ್ಪಡಿಸಿ ಗುಲಾಮಗಿರಿ ಇಲ್ಲದ ರಾಜ್ಯವನ್ನಾಗಿ ಸೇರಿಸಿಕೊಳ್ಳುವುದು. ಇನ್ನು ಫ್ರಾನ್ಸಿನಿಂದ 1803ರಲ್ಲಿ ಕೊಂಡ ವಿಶಾಲವಾದ ಲೂಸಿಯಾನಾ ಪ್ರದೇಶದ ಉಳಿದ ಭಾಗದಲ್ಲಿ, ಮಿಸೌರಿಯನ್ನು ಹೊರತುಪಡಿಸಿ, 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಶಾಶ್ವತವಾಗಿ ನಿಷಿದ್ಧ. ಮಿಸೌರಿಯ ಮೇಲಿನ ನಿರ್ಬಂಧವನ್ನು ತೆಗೆದುಹಾಕುವ ವಿಷಯ ಪ್ರತಿನಿಧಿ ಸಭೆಯಲ್ಲಿ 90ಕ್ಕೆ 87 ಮತಗಳಿಂದ ಗೆದ್ದಿತು, ಅಂದರೆ ಕೇವಲ ಮೂರು ಮತಗಳ ಅಂತರ. ಸಭಾಧ್ಯಕ್ಷರಾಗಿದ್ದ ಕೆಂಟಕಿಯ ಹೆನ್ರಿ ಕ್ಲೇ ಇದನ್ನು ಕುದುರಿಸುವುದರಲ್ಲಿ ಮುಂದಿದ್ದರು. ಅವರೂ ಗುಲಾಮರ ಒಡೆಯರೇ ಆಗಿದ್ದು, ಗುಲಾಮಗಿರಿ ಕೆಟ್ಟದ್ದು ಎಂದು ಹೇಳುತ್ತಲೇ ಇದ್ದವರು ಎಂಬುದು ಆ ಕಾಲದ ರಾಜಿಪ್ರಿಯರ ಒಳಗನ್ನು ಚೆನ್ನಾಗಿ ತೋರಿಸುತ್ತದೆ.

ಯಾರು ಏನು ಬಿಟ್ಟುಕೊಟ್ಟರು ಎಂದು ಕೇಳಿದ್ದೀರಿ. ಉತ್ತರದವರು ಮಿಸೌರಿಯನ್ನು ಬಿಟ್ಟರು, ದಕ್ಷಿಣದವರು ತಾವಿನ್ನೂ ಕಾಲಿಡದ ಬಯಲುಗಳನ್ನು ಬಿಟ್ಟರು. ಆಗ ಮಿಸೌರಿಯಲ್ಲಿದ್ದ ಸುಮಾರು 10 ಸಾವಿರ ಗುಲಾಮರ ಮಕ್ಕಳು 25ಕ್ಕೆ ಪಡೆಯಬಹುದಾಗಿದ್ದ ಸ್ವಾತಂತ್ರ್ಯವೇ ಈ ವ್ಯವಹಾರದಲ್ಲಿ ನಿಜವಾಗಿ ತೆತ್ತ ಬೆಲೆ. ಅದನ್ನು ತೆತ್ತವರು ಮಾತುಕತೆಯ ಮೇಜಿನ ಬಳಿ ಇರಲೇ ಇಲ್ಲ.

ನಿವೃತ್ತರಾಗಿ ತಮ್ಮ ಎಸ್ಟೇಟಿನಲ್ಲಿದ್ದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ 1820ರ ಏಪ್ರಿಲ್‌ನಲ್ಲಿ ಬರೆದ ಕಾಗದವೊಂದರಲ್ಲಿ, ಈ ಪ್ರಶ್ನೆ ನಡುರಾತ್ರಿ ಬಾರಿಸಿದ ಬೆಂಕಿಯ ಗಂಟೆಯಂತೆ ತನ್ನನ್ನು ಬೆಚ್ಚಿಬೀಳಿಸಿತೆಂದೂ, ಭೌಗೋಳಿಕ ಗೆರೆಯೊಂದು ನೈತಿಕ ಪ್ರಶ್ನೆಯ ಗೆರೆಯೂ ಆಗಿಬಿಟ್ಟರೆ ಅದು ಎಂದಿಗೂ ಅಳಿಸಿಹೋಗದೆಂದೂ ಹೇಳಿದರು. ತೋಳದ ಕಿವಿ ಹಿಡಿದಿದ್ದೇವೆ, ಹಿಡಿದಿರಲೂ ಆಗದು, ಬಿಡಲೂ ಆಗದು ಎಂಬ ಮಾತು ಅದೇ ಕಾಗದದ್ದು. ನಮ್ಮಲ್ಲಿ ಹುಲಿ ಸವಾರಿ ಎನ್ನುವುದನ್ನೇ ಅವರು ತೋಳವಾಗಿಸಿದ್ದಾರೆ. ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದ ವ್ಯಕ್ತಿ, ತೋಳದ ಹಿಡಿತಕ್ಕೆ ತಾವು ಸಿಕ್ಕಿಬಿದ್ದವರಂತೆ ಬರೆದದ್ದನ್ನು ಓದುವಾಗ ನನಗೆ ಮಾತ್ರ ಪ್ರತಿ ಸಲವೂ ಸ್ವಲ್ಪ ಕಸಿವಿಸಿಯಾಗುತ್ತದೆ.

ಪ್ರಶ್ನೆ: ಗುಲಾಮಗಿರಿಯ ವಿರೋಧಿಗಳು ಸಂಸತ್ತಿಗೆ ಮನವಿ ಸಲ್ಲಿಸಲೇ ಇಲ್ಲವೇ?
— ಪದವಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ರಾಶಿ ರಾಶಿಯಾಗಿ ಸಲ್ಲಿಸಿದರು, ಅದರಲ್ಲೂ ಮತದಾನದ ಹಕ್ಕಿಲ್ಲದ ಹೆಂಗಸರು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ಅದಕ್ಕೆ ಪ್ರತಿನಿಧಿ ಸಭೆ ಕಂಡುಕೊಂಡ ಪರಿಹಾರವೆಂದರೆ, ಆ ಮನವಿಗಳನ್ನು ಓದದೆ, ಚರ್ಚಿಸದೆ ಬದಿಗಿಡುವ ನಿಯಮ. 1836ರಿಂದ 1844ರ ವರೆಗೆ ಈ ‘ಬಾಯಿಮುಚ್ಚುವ ನಿಯಮ’ ಜಾರಿಯಲ್ಲಿತ್ತು. ಮಾಜಿ ಅಧ್ಯಕ್ಷರಾಗಿದ್ದೂ ಸಾಮಾನ್ಯ ಸದಸ್ಯರಾಗಿ ಸಭೆಗೆ ಮರಳಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಎಂಟು ವರ್ಷ ಅದರ ವಿರುದ್ಧ ಹಟ ಹಿಡಿದು ಕಾದಾಡಿ ಕೊನೆಗೆ ರದ್ದು ಮಾಡಿಸಿದರು. ಮಾತೇ ಆಡದಿದ್ದರೆ ಜಗಳವಿಲ್ಲ ಎಂಬುದೂ ಒಂದು ಬಗೆಯ ರಾಜಿಸೂತ್ರವೇ. ಆದರೆ ಗುಲಾಮರ ಬಗ್ಗೆ ತಲೆಕೆಡಿಸಿಕೊಳ್ಳದ ಉತ್ತರದ ಜನರೂ, ತಮ್ಮ ಮನವಿ ಸಲ್ಲಿಸುವ ಹಕ್ಕಿಗೇ ಕೈಹಾಕಿದರಲ್ಲ ಎಂದು ಸಿಟ್ಟಾದದ್ದು ಅದರಿಂದಲೇ.

ಪ್ರಶ್ನೆ: ಕಾನೂನು ತರಗತಿಯಲ್ಲಿ ನಮ್ಮ ಪ್ರಾಧ್ಯಾಪಕರು, 1850ರ ಒಪ್ಪಂದವೇ ಅಮೆರಿಕದ ಅಂತರ್ಯುದ್ಧವನ್ನು ಹತ್ತು ವರ್ಷ ತಡೆಯಿತು ಎಂದರು. ಸ್ನೇಹಿತರೊಬ್ಬರು ಅದೇ ಒಪ್ಪಂದ ಯುದ್ಧವನ್ನು ತಂದಿತು ಎನ್ನುತ್ತಾರೆ. ಯಾವುದು ಸರಿ?
— ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ಇಬ್ಬರೂ ಸರಿ ಎಂದರೆ ನುಣುಚಿಕೊಂಡಂತಾಗುತ್ತದೆ, ಆದರೂ ಇಲ್ಲಿ ಅದು ನಿಜ. ವಿವರ ನೋಡೋಣ.

ಮೆಕ್ಸಿಕೊ ಜೊತೆಗಿನ ಯುದ್ಧದಲ್ಲಿ ಗೆದ್ದ ಅಮೆರಿಕ 1848ರ ಒಪ್ಪಂದದಿಂದ ಪೆಸಿಫಿಕ್ ಸಾಗರದವರೆಗಿನ ನೆಲವನ್ನು ಪಡೆಯಿತು. ಆ ನೆಲದಲ್ಲಿ ಗುಲಾಮಗಿರಿ ಇರಬಾರದೆಂದು ಪೆನ್ಸಿಲ್ವೇನಿಯಾದ ಡೇವಿಡ್ ವಿಲ್ಮಟ್ 1846ರಲ್ಲಿಯೇ ಮಂಡಿಸಿದ್ದ ಸೂಚನೆ ಪ್ರತಿನಿಧಿ ಸಭೆಯಲ್ಲಿ ಗೆದ್ದು ಸೆನೆಟ್‌ನಲ್ಲಿ ಸೋತಿತ್ತು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ, ಜನ ನುಗ್ಗಿ, ಗುಲಾಮಗಿರಿಯಿಲ್ಲದ ರಾಜ್ಯವಾಗಿ ನಮ್ಮನ್ನು ಸೇರಿಸಿಕೊಳ್ಳಿ ಎಂದು ಅಲ್ಲಿಂದ ಬೇಡಿಕೆ ಬಂತು. ಆಗ 15ಕ್ಕೆ 15 ಇದ್ದ ತಕ್ಕಡಿ ವಾಲಲಿತ್ತು. 1850ರ ಜನವರಿಯಲ್ಲಿ, ಎಪ್ಪತ್ತೆರಡರ ವಯಸ್ಸಿನ ಹೆನ್ರಿ ಕ್ಲೇ ಕೆಮ್ಮುತ್ತಲೇ ಎದ್ದುನಿಂತು ಎಲ್ಲ ವಿವಾದಗಳನ್ನೂ ಒಂದೇ ಕಟ್ಟಿನಲ್ಲಿ ಬಗೆಹರಿಸುವ ಸೂಚನೆಗಳನ್ನು ಮುಂದಿಟ್ಟರು. ಮಾರ್ಚ್ 4ರಂದು ದಕ್ಷಿಣ ಕ್ಯಾರೊಲಿನಾದ ಜಾನ್ ಕ್ಯಾಲ್ಹೂನ್, ಮಾತಾಡುವ ಶಕ್ತಿಯಿಲ್ಲದೆ ಹೊದಿಕೆ ಹೊದ್ದು ಕುಳಿತು, ರಾಜಿಯನ್ನು ವಿರೋಧಿಸಿದ ತಮ್ಮ ಭಾಷಣವನ್ನು ವರ್ಜೀನಿಯಾದ ಸೆನೆಟರ್ ಜೇಮ್ಸ್ ಮೇಸನ್ ಅವರಿಂದ ಓದಿಸಿದರು. ತಿಂಗಳು ಮುಗಿಯುವುದರೊಳಗೆ ಅವರು ತೀರಿಕೊಂಡರು. ಆ ಭಾಷಣದ ಮೂರು ದಿನಗಳ ಬಳಿಕ ಮ್ಯಾಸಚೂಸೆಟ್ಸ್‌ನ ಡೇನಿಯಲ್ ವೆಬ್‌ಸ್ಟರ್ ಒಕ್ಕೂಟ ಉಳಿಯಬೇಕೆಂದು ರಾಜಿಯ ಪರ ನಿಂತು, ತಮ್ಮ ಊರಿನವರ ಕಣ್ಣಲ್ಲಿ ದ್ರೋಹಿಯಾದರು. ಏಪ್ರಿಲ್‌ನಲ್ಲಂತೂ ಮಿಸಿಸಿಪಿಯ ಸೆನೆಟರ್ ಒಬ್ಬರು ಮಿಸೌರಿಯ ಸೆನೆಟರ್ ಕಡೆಗೆ ಸದನದಲ್ಲೇ ಪಿಸ್ತೂಲು ಎತ್ತಿದರು.

ಇಷ್ಟೆಲ್ಲ ಆಗಿಯೂ ಜುಲೈ ಕೊನೆಯಲ್ಲಿ ಕ್ಲೇ ಅವರ ಕಟ್ಟು ಬಿಚ್ಚಿಹೋಯಿತು. ಮುಂದೆ ಇಲಿನಾಯ್‌ನ ಯುವ ಸೆನೆಟರ್ ಸ್ಟೀಫನ್ ಡಗ್ಲಸ್ ಅದನ್ನು ಐದು ಪ್ರತ್ಯೇಕ ಮಸೂದೆಗಳಾಗಿ ಒಡೆದು, ಒಂದೊಂದಕ್ಕೂ ಬೇರೆ ಬೇರೆ ಬಹುಮತ ಜೋಡಿಸಿ ಪಾಸು ಮಾಡಿಸಿದರು. ಕ್ಯಾಲಿಫೋರ್ನಿಯಾಕ್ಕೆ ಉತ್ತರದವರ ಮತ, ಓಡಿಹೋದ ಗುಲಾಮರ ಕಾಯ್ದೆಗೆ ದಕ್ಷಿಣದವರ ಮತ, ಇವೆರಡಕ್ಕೂ ಮಧ್ಯದ ಒಂದಷ್ಟು ಮಂದಿಯ ಮತ. ಐದಕ್ಕೂ ಕೈಯೆತ್ತಿದವರು ಬೆರಳೆಣಿಕೆಯಷ್ಟು ಮಾತ್ರ. ಕಾಯ್ದೆಯ ಮತದಾನದ ಹೊತ್ತಿಗೆ ಉತ್ತರದ ಅನೇಕ ಸದಸ್ಯರು ಸದನದಿಂದ ಹೊರಗೆ ಹೋಗಿದ್ದರು. ಹಾಗಾಗಿ ಇದನ್ನು ಒಪ್ಪಂದ ಎನ್ನುವುದಕ್ಕಿಂತ ಕದನವಿರಾಮ ಎನ್ನುವುದು ಹೆಚ್ಚು ಸರಿ ಎಂದು ನನ್ನ ಅಭಿಪ್ರಾಯ. ಯಾವ ಪಕ್ಷವೂ ತನಗೆ ಇಷ್ಟವಿಲ್ಲದ್ದನ್ನು ಒಪ್ಪಿ ಕೈಕುಲುಕಲಿಲ್ಲ, ಪ್ರತಿಯೊಬ್ಬರೂ ತಮಗೆ ಬೇಕಾದ್ದಕ್ಕೆ ಮತ ಹಾಕಿ ಬೇಡದ್ದನ್ನು ಸಹಿಸಿಕೊಂಡರು.

ಆ ಐದರಲ್ಲಿ ಒಂದು, ರಾಜಧಾನಿ ವಾಷಿಂಗ್ಟನ್ನಿನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಿತು, ಗುಲಾಮಗಿರಿಯನ್ನಲ್ಲ. ಇನ್ನೆರಡು ಯೂಟಾ ಮತ್ತು ನ್ಯೂಮೆಕ್ಸಿಕೊ ಪ್ರಾಂತಗಳನ್ನು, ಅಂದರೆ ಇನ್ನೂ ರಾಜ್ಯವಾಗದ ಪ್ರದೇಶಗಳನ್ನು, ರಚಿಸಿ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಅಲ್ಲಿಯ ನಿವಾಸಿಗಳಿಗೇ ಬಿಟ್ಟವು, ಗಡಿ ತಗಾದೆ ಬಿಟ್ಟುಕೊಟ್ಟದ್ದಕ್ಕೆ ಟೆಕ್ಸಾಸ್‌ಗೆ 1 ಕೋಟಿ ಡಾಲರ್ ಕೊಡಿಸಿದವು. ಇವೆಲ್ಲ ಹೇಗೋ ನಡೆದುಹೋಗುತ್ತಿದ್ದವು. ಕೊರಳಿಗೆ ಸುತ್ತಿಕೊಂಡದ್ದು ಸೆಪ್ಟೆಂಬರ್ 18ರಂದು ಜಾರಿಗೆ ಬಂದ ಓಡಿಹೋದ ಗುಲಾಮರ ಕಾಯ್ದೆ. ಕಾನೂನು ಓದುವವರಾದ ನೀವು ಅದರ ಒಂದೆರಡು ಕಲಮುಗಳನ್ನು ಗಮನಿಸಬೇಕು. ಸಿಕ್ಕಿಬಿದ್ದವನಿಗೆ ತನ್ನ ಪರವಾಗಿ ಸಾಕ್ಷಿ ನುಡಿಯುವ ಹಕ್ಕಿಲ್ಲ. ಪಂಚರ ಮುಂದೆ ವಿಚಾರಣೆ ಇಲ್ಲ. ತೀರ್ಪು ಕೊಡುವುದು ಆಯುಕ್ತನೊಬ್ಬನೇ, ಅವನ ಶುಲ್ಕ, ಗುಲಾಮನೆಂದು ನಿರ್ಣಯಿಸಿ ಹಿಂದಿರುಗಿಸಿದರೆ 10 ಡಾಲರ್, ಬಿಡುಗಡೆ ಮಾಡಿದರೆ 5 ಡಾಲರ್. ಹಿಂದಿರುಗಿಸುವಾಗ ಕಾಗದಪತ್ರದ ಕೆಲಸ ಹೆಚ್ಚೆಂಬುದು ಇದಕ್ಕೆ ಕೊಟ್ಟ ಸಮಜಾಯಿಷಿ. ಓಡಿಬಂದವರಿಗೆ ಆಶ್ರಯ ಕೊಟ್ಟರೆ 1,000 ಡಾಲರ್ ವರೆಗೆ ದಂಡ, ಆರು ತಿಂಗಳವರೆಗೆ ಸೆರೆ. ಓಡಿಬಂದವರನ್ನು ಹಿಡಿಯುವ ಕೆಲಸಕ್ಕೆ ದಾರಿಹೋಕರನ್ನೂ ಕರೆಯುವ ಅಧಿಕಾರ ಕೇಂದ್ರದ ಅಧಿಕಾರಿಯಾದ ಮಾರ್ಷಲ್‌ಗೆ ಇತ್ತು. ಯುದ್ಧದ ನಂತರ ದಕ್ಷಿಣದವರು ತಾವು ಕಾದಿದ್ದು ರಾಜ್ಯಗಳ ಹಕ್ಕಿಗಾಗಿ ಎಂದು ಹೇಳಿಕೊಂಡರು. ಉತ್ತರದ ರಾಜ್ಯಗಳ ಹಕ್ಕನ್ನು ಬದಿಗೊತ್ತಿ ಕೇಂದ್ರದ ಕೈ ಇಷ್ಟು ಉದ್ದ ಮಾಡಿದ ಕಾಯ್ದೆಯನ್ನು ಪಟ್ಟು ಹಿಡಿದು ತಂದವರೂ ಅವರೇ.

ಈ ಕಾಯ್ದೆ ಬೀದಿಗೆ ಬಂದಾಗ ಹೇಗಿತ್ತು ಎಂಬುದಕ್ಕೆ ಒಂದು ಪ್ರಕರಣ. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಾಸ್ಟನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಆಂಟನಿ ಬರ್ನ್ಸ್ ಎಂಬ ಇಪ್ಪತ್ತರ ಯುವಕನನ್ನು 1854ರ ಮೇ 24ರ ಸಂಜೆ, ಕೆಲಸ ಮುಗಿಸಿ ಹೋಗುತ್ತಿದ್ದಾಗ, ಕಳ್ಳತನದ ಆರೋಪದ ನೆಪದಲ್ಲಿ ಹಿಡಿದರು. ಎರಡು ದಿನಗಳ ಬಳಿಕ ಜನ ನ್ಯಾಯಾಲಯದ ಬಾಗಿಲು ಒಡೆಯಲು ಹೋಗಿ, ಗಲಭೆಯಲ್ಲಿ ಕಾವಲುಗಾರನೊಬ್ಬ ಸತ್ತ. ಜೂನ್ 2ರಂದು ಅವನನ್ನು ಹಡಗಿಗೆ ಒಯ್ಯಲು ಸೈನಿಕರು, ನೌಕಾದಳದವರು, ರಾಜ್ಯದ ಮಿಲಿಷಿಯಾ ಎಲ್ಲ ಬೀದಿಗಿಳಿಯಬೇಕಾಯಿತು. ಸುಮಾರು 50 ಸಾವಿರ ಜನ ಇಕ್ಕೆಲಗಳಲ್ಲಿ ನಿಂತು ಧಿಕ್ಕಾರ ಕೂಗಿದರು. ಕಟ್ಟಡಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು, ಧ್ವಜಗಳನ್ನು ತಲೆಕೆಳಗಾಗಿ ಕಟ್ಟಿದ್ದರು, ಒಂದು ಕಡೆ ‘ಸ್ವಾತಂತ್ರ್ಯ’ ಎಂದು ಬರೆದ ಶವಪೆಟ್ಟಿಗೆಯೊಂದು ಬೀದಿಯ ಮೇಲೆ ತೂಗುತ್ತಿತ್ತು. ಒಬ್ಬ ಮನುಷ್ಯನನ್ನು ಬಂದರಿಗೆ ಮುಟ್ಟಿಸಲು ಇಷ್ಟು ಸಂಭ್ರಮ! ಹತ್ತಿ ಗಿರಣಿಗಳ ಲಾಭದಲ್ಲಿ ಪಾಲಿದ್ದ, ಗುಲಾಮಗಿರಿ ವಿರೋಧಿಗಳನ್ನು ತಲೆಕೆಟ್ಟವರೆನ್ನುತ್ತಿದ್ದ ಬಾಸ್ಟನ್ನಿನ ಶ್ರೀಮಂತ ಏಮಸ್ ಲಾರೆನ್ಸ್, ರಾತ್ರಿ ಹಳೆಯ ರಾಜಿವಾದಿಗಳಾಗಿ ಮಲಗಿದ ನಾವು ಬೆಳಿಗ್ಗೆ ಕಟ್ಟಾ ವಿಮೋಚನಾವಾದಿಗಳಾಗಿ ಎದ್ದೆವು ಎಂದು ಬರೆದದ್ದು ಆಗಲೇ. ಮರುವರ್ಷ ಬರ್ನ್ಸ್‌ನ ಬೆಂಬಲಿಗರು 1,300 ಡಾಲರ್ ಕೂಡಿಸಿ ಅವನನ್ನು ಬಿಡಿಸಿದರು. ಅವನು ಓದಿ ಪಾದ್ರಿಯಾಗಿ, 1862ರಲ್ಲಿ ಕೆನಡಾದಲ್ಲಿ ತೀರಿಕೊಂಡ.

1820ರ ಒಪ್ಪಂದ ಉತ್ತರದವನಿಗೆ ನಕ್ಷೆಯ ಮೇಲಿನ ಗೆರೆಯಾಗಿತ್ತು, ಅದನ್ನು ನೋಡದೆಯೂ ಬಾಳಬಹುದಿತ್ತು. 1850ರದ್ದು ಅವನ ಮನೆಬಾಗಿಲಿಗೇ ಬಂದು, ಸಂಕೋಲೆಯ ಒಂದು ತುದಿ ಹಿಡಿದುಕೋ ಎಂದಿತು. ಪ್ರಾಧ್ಯಾಪಕರು ಹೇಳಿದ ಹತ್ತು ವರ್ಷ ಸಿಕ್ಕಿದ್ದು ನಿಜ, ಆ ಹತ್ತು ವರ್ಷದಲ್ಲಿ ಉತ್ತರದ ರೈಲುಹಳಿ, ಕಾರ್ಖಾನೆ, ಜನಬಲ ಮತ್ತಷ್ಟು ಬೆಳೆದದ್ದೂ ನಿಜ. ಆದರೆ ಮುಂದೆ ಯುದ್ಧಕ್ಕೆ ಹೋಗುವ ಮನಸ್ಸುಗಳನ್ನು ತಯಾರು ಮಾಡಿದ್ದೂ ಅದೇ ಒಪ್ಪಂದದ ಕಾಯ್ದೆ.

ಪ್ರಶ್ನೆ: ಗುಲಾಮಗಿರಿ ಬೇಕೋ ಬೇಡವೋ ಎಂದು ಆಯಾ ಪ್ರಾಂತದ ಜನರೇ ಮತ ಹಾಕಿ ನಿರ್ಧರಿಸಲಿ ಎಂಬುದು ಪ್ರಜಾಪ್ರಭುತ್ವಕ್ಕೆ ಒಪ್ಪುವ ಮಾತಲ್ಲವೇ? ಅದು ಏಕೆ ಫಲಿಸಲಿಲ್ಲ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಮೇಲೆ ಹೇಳಿದ ಡಗ್ಲಸ್ ಅವರೂ ಹೀಗೆಯೇ ವಾದಿಸಿದರು. ಪಶ್ಚಿಮಕ್ಕೆ ರೈಲುಮಾರ್ಗ ಹೋಗಬೇಕಾದರೆ ಕನ್ಸಾಸ್ ಮತ್ತು ನೆಬ್ರಾಸ್ಕಾ ಪ್ರಾಂತಗಳನ್ನು ರಚಿಸಬೇಕಿತ್ತು. ಎರಡೂ 36 ಡಿಗ್ರಿ 30 ನಿಮಿಷದ ಗೆರೆಯ ಉತ್ತರಕ್ಕಿದ್ದವು. ದಕ್ಷಿಣದವರ ಮತಕ್ಕಾಗಿ ಡಗ್ಲಸ್ 1854ರಲ್ಲಿ ಆ ಗೆರೆಯನ್ನೇ ಅಳಿಸಿ, ನಿವಾಸಿಗಳ ಮತಕ್ಕೆ ಬಿಟ್ಟರು. 34 ವರ್ಷ ಬಾಳಿದ ಒಡಂಬಡಿಕೆ ಒಂದು ಕಲಮಿನಿಂದ ಹೋಯಿತು. ಆಗಿನ ಎರಡು ದೊಡ್ಡ ಪಕ್ಷಗಳಲ್ಲೊಂದಾದ ವ್ಹಿಗ್ ಪಕ್ಷ ನುಚ್ಚುನೂರಾಗಿ ರಿಪಬ್ಲಿಕನ್ ಪಕ್ಷ ಹುಟ್ಟಿತು, ವಕೀಲಿಯಲ್ಲಿ ಮುಳುಗಿದ್ದ ಲಿಂಕನ್ ರಾಜಕೀಯಕ್ಕೆ ಮರಳಿದರು.

ಜನರೇ ನಿರ್ಧರಿಸಲಿ ಎಂದಾಗ ಯಾವ ಜನ ಎಂಬ ಪ್ರಶ್ನೆ ಏಳುತ್ತದೆ. ಗುಲಾಮರಿಗೆ ಮತವಿಲ್ಲ ಎಂಬುದನ್ನು ಬದಿಗಿಟ್ಟರೂ, 1855ರ ಮಾರ್ಚ್‌ನಲ್ಲಿ ಕನ್ಸಾಸ್‌ನ ಶಾಸನಸಭೆಗೆ ನಡೆದ ಚುನಾವಣೆಯಲ್ಲಿ ಅರ್ಹ ಮತದಾರರು 2,905, ಬಿದ್ದ ಮತಗಳು 6,307. ಉಳಿದವರು ಪಕ್ಕದ ಮಿಸೌರಿಯಿಂದ ಬಂದೂಕು ಸಮೇತ ಗಡಿ ದಾಟಿ ಬಂದು, ಮತ ಹಾಕಿ ಮರಳಿದವರು. ಮುಂದೆ ಅಲ್ಲಿ ಎರಡು ಸರ್ಕಾರಗಳು, ಹತ್ಯೆ, ಪ್ರತಿಹತ್ಯೆ. ಆ ರಕ್ತದ ಕಲೆ ರಾಜಧಾನಿಗೂ ಹರಡಿತು. 1856ರ ಮೇ ತಿಂಗಳಲ್ಲಿ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ಸದನದಲ್ಲಿ ಅವರ ಮೇಜಿನ ಬಳಿಯೇ ದಕ್ಷಿಣ ಕ್ಯಾರೊಲಿನಾದ ಪ್ರೆಸ್ಟನ್ ಬ್ರೂಕ್ಸ್ ಊರುಗೋಲು ಮುರಿಯುವ ತನಕ ಬಡಿದರು. 1857ರಲ್ಲಿ ಸುಪ್ರೀಂ ಕೋರ್ಟ್, ಬಿಡುಗಡೆ ಕೋರಿದ ಗುಲಾಮ ಡ್ರೆಡ್ ಸ್ಕಾಟ್‌ನ ಪ್ರಕರಣದಲ್ಲಿ, ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರವೇ ಕಾಂಗ್ರೆಸ್‌ಗೆ ಇಲ್ಲ ಎಂದಿತು. ಅಲ್ಲಿಗೆ ಮಿಸೌರಿ ಗೆರೆ ಹಿಂದಿನಿಂದಲೂ ಅಕ್ರಮವಾಗಿತ್ತು ಎಂದಾಯಿತು. ಶಾಸಕರಿಗೆ ಬಗೆಹರಿಸಲಾಗದ್ದನ್ನು ನ್ಯಾಯಾಧೀಶರು ಬಗೆಹರಿಸಿಬಿಡುತ್ತಾರೆಂದು ಕಾದಿದ್ದವರಿಗೆ ಇನ್ನು ರಾಜಿ ಮಾಡಲು ಉಳಿದದ್ದೇ ಕಡಿಮೆ.

ಪ್ರಶ್ನೆ: ಯುದ್ಧಕ್ಕೆ ಸುರಿದ ಹಣದಲ್ಲಿ ಗುಲಾಮರನ್ನೆಲ್ಲ ಒಡೆಯರಿಂದ ಕೊಂಡು ಬಿಡುಗಡೆ ಮಾಡಬಹುದಿತ್ತಲ್ಲ? ಬ್ರಿಟಿಷರು ಹಾಗೆಯೇ ಮಾಡಿದರಂತೆ.
— ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರು

ಉತ್ತರ: ಬ್ರಿಟನ್ 1833ರ ಕಾಯ್ದೆಯಂತೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಕೊಟ್ಟದ್ದು ಒಡೆಯರಿಗೆ. (ಆ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ನೆಲಕ್ಕೆ ಅನ್ವಯಿಸಲಿಲ್ಲ. ನಮ್ಮಲ್ಲಿ ಕಾನೂನು ಗುಲಾಮಗಿರಿಯ ಮಾನ್ಯತೆಯನ್ನು ತೆಗೆದದ್ದು 1843ರಲ್ಲಿ.) ಆದರೆ ಬ್ರಿಟನ್ನಿನ ಗುಲಾಮರ ಒಡೆತನ ಮುಖ್ಯವಾಗಿ ದೂರದ ದ್ವೀಪಗಳಲ್ಲಿತ್ತು. ಅಮೆರಿಕದಲ್ಲಿ ಅದು ದೇಶದ ಅರ್ಧ ಭಾಗದ ಆಸ್ತಿ, ಅಂತಸ್ತು, ಅಧಿಕಾರ ಮೂರೂ ಆಗಿತ್ತು. 1860ರಲ್ಲಿ ಗುಲಾಮರ ಮಾರುಕಟ್ಟೆ ಬೆಲೆ 300 ಕೋಟಿ ಡಾಲರ್‌ಗೂ ಹೆಚ್ಚೆಂದು ಅಂದಾಜಿಸಲಾಗಿದೆ, ಆಗಿನ ಕೇಂದ್ರ ಸರ್ಕಾರದ ವಾರ್ಷಿಕ ವೆಚ್ಚ 6 ಕೋಟಿ ಡಾಲರ್ ಆಸುಪಾಸು.

ಅಷ್ಟಾಗಿಯೂ ಹಣವೇ ಅಡ್ಡಿಯಾಗಿರಲಿಲ್ಲ ಎಂಬುದಕ್ಕೆ ಡೆಲವೇರ್ ಸಾಕ್ಷಿ. ಒಕ್ಕೂಟದಲ್ಲೇ ಉಳಿದಿದ್ದ ಆ ಪುಟ್ಟ ರಾಜ್ಯದಲ್ಲಿ ಗುಲಾಮರಿದ್ದದ್ದು 1,798 ಮಂದಿ. ತಲೆಗೆ 400 ಡಾಲರ್‌ನಂತೆ ಲೆಕ್ಕ ಹಾಕಿದರೂ, ಯುದ್ಧದ ಅರ್ಧ ದಿನದ ಖರ್ಚಿಗಿಂತ ಕಡಿಮೆ ಎಂದು ಲಿಂಕನ್ 1862ರ ಮಾರ್ಚ್‌ನಲ್ಲಿ ಸೆನೆಟರ್ ಒಬ್ಬರಿಗೆ ಪೆನ್ನು ಹಿಡಿದು ಗುಣಾಕಾರ ಮಾಡಿ ತೋರಿಸಿದರು. ಡೆಲವೇರ್ ಒಪ್ಪಲಿಲ್ಲ. ಗಡಿಯ ಉಳಿದ ರಾಜ್ಯಗಳೂ ಒಪ್ಪಲಿಲ್ಲ. ರಾಜಧಾನಿಯಲ್ಲಿ ಮಾತ್ರ 1862ರ ಏಪ್ರಿಲ್ 16ರ ಕಾಯ್ದೆಯಿಂದ ಸುಮಾರು 3,000 ಜನ ಹೀಗೆ ಬಿಡುಗಡೆಯಾದರು. ಒಡೆಯರಿಗೆ ತಲೆಗೆ 300 ಡಾಲರ್ ವರೆಗೆ, ದೇಶ ಬಿಟ್ಟು ಹೋಗಲು ಒಪ್ಪುವ ಬಿಡುಗಡೆಯಾದವರಿಗೆ 100 ಡಾಲರ್ ವರೆಗೆ. ಅದುವರೆಗೆ ದುಡಿದ ಕೂಲಿಯ ಲೆಕ್ಕವನ್ನು ಯಾರೂ ತೆಗೆಯಲಿಲ್ಲ.

ಪ್ರಶ್ನೆ: ನಮ್ಮ ಮುತ್ತಜ್ಜನ ಕಾಲದಲ್ಲಿ ‘ಧಾರವಾಡ-ಅಮೆರಿಕನ್’ ಎಂಬ ಹತ್ತಿ ಬೆಳೆಯುತ್ತಿದ್ದರಂತೆ. ಅದಕ್ಕೂ ಈ ಯುದ್ಧಕ್ಕೂ ಸಂಬಂಧ ಉಂಟೇ?
— ಕೃಷಿಕರು, ಗದಗ ಜಿಲ್ಲೆ

ಉತ್ತರ: ಬೀಜ ಬಂದದ್ದು ಯುದ್ಧಕ್ಕೂ ಮೊದಲು. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳು ಮುಕ್ಕಾಲು ಪಾಲು ಹತ್ತಿಗೆ ಅಮೆರಿಕದ ಗುಲಾಮರ ದುಡಿಮೆಯನ್ನೇ ನೆಚ್ಚಿಕೊಂಡಿದ್ದವು. ಆ ನೆಚ್ಚಿಕೆ ಎಂದಾದರೂ ಕೈಕೊಟ್ಟೀತೆಂದು 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಬೀಜವನ್ನು ಇಂಡಿಯಾದ ಹಲವೆಡೆ ಹಾಕಿಸಿತು, ಚೆನ್ನಾಗಿ ಹಿಡಿದುಕೊಂಡದ್ದು ನಿಮ್ಮ ಕರಿಮಣ್ಣಿನಲ್ಲಿ. ಯುದ್ಧ ಬಂದು ದಕ್ಷಿಣದ ಬಂದರುಗಳು ಮುಚ್ಚಿದಾಗ ಹತ್ತಿಯ ಬೆಲೆ ಗಗನಕ್ಕೇರಿತು, ಸಾಗಣೆಗಾಗಿ ಕಾರವಾರದ ಬಂದರಿನ ಮಾತು ಜೋರಾಯಿತು, ಮುಂಬಯಿಯಲ್ಲಿ ಷೇರುಗಳ ಹುಚ್ಚು ಹತ್ತಿತು. 1865ರಲ್ಲಿ ದಕ್ಷಿಣ ಶರಣಾದ ಸುದ್ದಿ ಮುಟ್ಟುತ್ತಲೇ ಬೆಲೆಯೂ ಬಿತ್ತು, ಹುಚ್ಚೂ ಇಳಿಯಿತು.

ಪ್ರಶ್ನೆ: ಕೊನೆಯ ಗಳಿಗೆಯಲ್ಲಿ ಲಿಂಕನ್ ಸ್ವಲ್ಪ ಬಾಗಿದ್ದರೆ ಲಕ್ಷಾಂತರ ಜೀವಗಳು ಉಳಿಯುತ್ತಿದ್ದವಲ್ಲವೇ?
— ಗೃಹಿಣಿ, ಮೈಸೂರು

ಉತ್ತರ: ಅಮ್ಮಾ, ಈ ಪ್ರಶ್ನೆಯನ್ನು ಆಗಲೂ ಬಹಳ ಜನ ಕೇಳಿದರು. 1860ರ ನವೆಂಬರ್‌ನಲ್ಲಿ ಲಿಂಕನ್ ಗೆದ್ದರು, ಡಿಸೆಂಬರ್ 20ಕ್ಕೆ ದಕ್ಷಿಣ ಕ್ಯಾರೊಲಿನಾ ಒಕ್ಕೂಟ ಬಿಟ್ಟಿತು. ಅದಕ್ಕೆ ಎರಡು ದಿನ ಮೊದಲು ಕೆಂಟಕಿಯ ವಯೋವೃದ್ಧ ಸೆನೆಟರ್ ಜಾನ್ ಕ್ರಿಟೆಂಡನ್, ಹೆನ್ರಿ ಕ್ಲೇ ಕುಳಿತಿದ್ದ ಪೀಠದ ವಾರಸುದಾರರಂತೆ, ಆರು ಸಂವಿಧಾನ ತಿದ್ದುಪಡಿಗಳ ಯೋಜನೆ ಮುಂದಿಟ್ಟರು. ಹಳೆಯ ಗೆರೆಯನ್ನು ಕ್ಯಾಲಿಫೋರ್ನಿಯಾದ ಗಡಿಯವರೆಗೆ ಎಳೆಯುವುದು, ಅದರ ದಕ್ಷಿಣಕ್ಕೆ ಗುಲಾಮಗಿರಿಗೆ ರಕ್ಷಣೆ. ಈಗಿರುವ ನೆಲಕ್ಕೆ ಮಾತ್ರವಲ್ಲ, ‘ಮುಂದೆ ಪಡೆಯುವ’ ನೆಲಕ್ಕೂ. ಈ ತಿದ್ದುಪಡಿಗಳನ್ನು ಇನ್ನೆಂದೂ ತಿದ್ದಬಾರದು ಎಂಬ ಷರತ್ತೂ ಸೇರಿತ್ತು.

ಲಿಂಕನ್ ಬಾಗಲೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದನ್ನು ಮುಟ್ಟುವುದಿಲ್ಲ ಎಂದರು, ಓಡಿಹೋದವರ ಕಾಯ್ದೆಯನ್ನೂ ನಡೆಸುತ್ತೇನೆಂದರು. ಒಂದೇ ಒಂದು ವಿಷಯದಲ್ಲಿ, ಅಂದರೆ ಹೊಸ ಪ್ರಾಂತಗಳಿಗೆ ಅದು ಹಬ್ಬುವ ವಿಷಯದಲ್ಲಿ, ರಾಜಿ ಕೂಡದು ಎಂದು ಡಿಸೆಂಬರ್ 10ರಂದೇ ತಮ್ಮ ಪಕ್ಷದ ಸೆನೆಟರ್ ಲೈಮನ್ ಟ್ರಂಬಲ್ ಅವರಿಗೆ ಗುಟ್ಟಾಗಿ ಬರೆದಿದ್ದರು. ಹಗ್ಗಜಗ್ಗಾಟ ಹೇಗೂ ಬರಲೇಬೇಕು, ಮುಂದೆ ಎಂದೋ ಬರುವುದಕ್ಕಿಂತ ಈಗಲೇ ಬರಲಿ ಎಂಬುದು ಆ ಕಾಗದದ ಧಾಟಿ. ‘ಮುಂದೆ ಪಡೆಯುವ’ ಎಂಬ ಎರಡು ಪದಗಳನ್ನು ಒಪ್ಪಿದ್ದರೆ ಕ್ಯೂಬಾ, ಮೆಕ್ಸಿಕೊ ಎಂದು ಹೊಸ ಹೊಸ ನೆಲಕ್ಕೆ ಕೈಚಾಚುತ್ತ ಇದೇ ಜಗಳ ಮತ್ತೆ ಮತ್ತೆ ಮರಳುತ್ತಿತ್ತು ಎಂಬ ಅವರ ಅಂಜಿಕೆಯಲ್ಲಿ ತಪ್ಪೇನೂ ಕಾಣದು. ಇನ್ನೊಂದು ಪಕ್ಕವೂ ಇದೆ. ಯೋಜನೆಯನ್ನು ಪರಿಶೀಲಿಸಿದ ಹದಿಮೂವರ ಸಮಿತಿಯಲ್ಲಿ ರಿಪಬ್ಲಿಕನ್ನರು ವಿರೋಧಿಸಿದಾಗ, ದಕ್ಷಿಣದ ಜೆಫರ್ಸನ್ ಡೇವಿಸ್, ರಾಬರ್ಟ್ ಟೂಂಬ್ಸ್ ಸಹ ವಿರುದ್ಧವೇ ಮತ ಹಾಕಿದರು. ಫೆಬ್ರುವರಿ 4ರಂದು ಮಾಜಿ ಅಧ್ಯಕ್ಷ ಜಾನ್ ಟೈಲರ್ ಅವರ ಅಧ್ಯಕ್ಷತೆಯಲ್ಲಿ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ 21 ರಾಜ್ಯಗಳ ಶಾಂತಿ ಸಮಾವೇಶ ಸೇರಿತು, ಅದೇ ದಿನ ಅಲಬಾಮಾದ ಮಾಂಟ್ಗೊಮರಿಯಲ್ಲಿ ಒಕ್ಕೂಟ ಬಿಟ್ಟವರು ತಮ್ಮದೇ ಸರ್ಕಾರ ಕಟ್ಟಲು ಸೇರಿದರು. ಆ ಟೈಲರ್ ಅವರೇ ಮುಂದೆ ಅವರ ಸಂಸತ್ತಿಗೆ ಆರಿಸಿಬಂದರು. ಬೇರೆಯಾಗಲು ಮನಸ್ಸು ಮಾಡಿದವರಿಗೆ ಏನನ್ನು ಕೊಟ್ಟು ನಿಲ್ಲಿಸಬಹುದಿತ್ತು ಎಂಬುದು ನನಗಂತೂ ತೋಚುವುದಿಲ್ಲ.

ಮಾರ್ಚ್ ಮೊದಲ ವಾರ ಕ್ರಿಟೆಂಡನ್ ಯೋಜನೆ ಸೆನೆಟ್‌ನಲ್ಲಿ 19ಕ್ಕೆ 20 ಮತಗಳಿಂದ ಬಿದ್ದಿತು. ಆ ಹೊತ್ತಿಗೆ ಏಳು ರಾಜ್ಯಗಳು ಹೊರಟುಹೋಗಿದ್ದವು. ಅದರ ಬದಲಿಗೆ ಇನ್ನೊಂದು ತಿದ್ದುಪಡಿ, ಒಹಾಯೊದ ಥಾಮಸ್ ಕಾರ್ವಿನ್ ಹೆಸರಿನದು, ಎರಡೂ ಸದನಗಳಲ್ಲಿ ಮೂರನೆಯ ಎರಡರಷ್ಟು ಬಹುಮತ ಪಡೆಯಿತು. ರಾಜ್ಯಗಳೊಳಗಿನ ಗುಲಾಮಗಿರಿಯನ್ನು ಕೇಂದ್ರ ಎಂದಿಗೂ ಮುಟ್ಟದಂತೆ ಮಾಡುವುದೇ ಅದರ ಉದ್ದೇಶ. ಮಾರ್ಚ್ 4ರ ತಮ್ಮ ಪ್ರಮಾಣವಚನದ ಭಾಷಣದಲ್ಲಿ ಲಿಂಕನ್ ಅದಕ್ಕೆ ತಮ್ಮ ಆಕ್ಷೇಪವಿಲ್ಲ ಎಂದರು. ಅದು ಅಂಗೀಕಾರವಾಗಿದ್ದರೆ ಸಂವಿಧಾನದ 13ನೆಯ ತಿದ್ದುಪಡಿಯಾಗುತ್ತಿತ್ತು. ಸಾಕಷ್ಟು ರಾಜ್ಯಗಳು ಒಪ್ಪುವ ಮೊದಲೇ ಏಪ್ರಿಲ್ 12ರಂದು ದಕ್ಷಿಣ ಕ್ಯಾರೊಲಿನಾದಲ್ಲಿದ್ದ ಕೇಂದ್ರದ ಕೋಟೆ ಫೋರ್ಟ್ ಸಮ್ಟರ್ ಮೇಲೆ ಫಿರಂಗಿ ಹಾರಿತು. ಆ 13ರ ಸಂಖ್ಯೆ 1865ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ ತಿದ್ದುಪಡಿಗೆ ಸಿಕ್ಕಿತು.

ಕ್ರಿಟೆಂಡನ್ ಅವರಿಗೆ ಇಬ್ಬರು ಮಕ್ಕಳು ಸೈನ್ಯದಲ್ಲಿದ್ದರು. ಜಾರ್ಜ್ ದಕ್ಷಿಣದ ಸೇನೆಯಲ್ಲಿ ಮೇಜರ್ ಜನರಲ್ ಆದ, ಥಾಮಸ್ ಉತ್ತರದ ಸೇನೆಯಲ್ಲಿ ಮೇಜರ್ ಜನರಲ್ ಆದ. ತಂದೆ 1863ರ ಜುಲೈನಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ತೀರಿಕೊಂಡರು.